ಮಾತು ನಿಂತರೆ ಕಾಲು ನಿಲ್ಲಬೇಕು

ಡ್ರಿಲ್ ಮೇಡಂ ಸ್ಕೂಲು ಬಿಟ್ಟು ಎಷ್ಟೋ ವರ್ಷವಾಗಿತ್ತು, ಸ್ಕೂಲು ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಕೊರಳಲ್ಲಿ ಅದೇ ಸೀಟಿ, ಅದೇ ಗಂಟಲು. ಈಗ ಅವರ ಕೈಕೆಳಗಿದ್ದವರು ಮಕ್ಕಳಲ್ಲ, ಹೃದಯ ಸೋತ ದೊಡ್ಡವರು. ಆಸ್ಪತ್ರೆಯ ಹಿಂಬದಿಯ ಹಾಲ್‌ನಲ್ಲಿ ಅವರನ್ನು ಕುರ್ಚಿಯಿಂದ ಏಳಿಸಿ ಕೂರಿಸಿ, ರಬ್ಬರ್ ಪಟ್ಟಿ ಎಳೆಸಿ, ಕೊನೆಗೆ ಹಾಲ್ ಸುತ್ತ ನಡೆಸುವುದು ಮೇಡಂ ಕೆಲಸ. ಹಾಸಿಗೆ ಬಿಟ್ಟು ಎದ್ದರೆ ಸತ್ತೇ ಹೋಗುತ್ತೇವೆ ಎಂದು ನಂಬಿ ಬಂದವರೇ ಎಲ್ಲ. "ಮಲಗಿದ್ರೆ ಹಾರ್ಟ್ ಉಳಿಯತ್ತೆ ಅಂತ ಯಾರ್ರೀ ಹೇಳಿದ್ದು? ಬಳಸದ ಬೀಗಕ್ಕೆ ತುಕ್ಕು ಹಿಡಿಯತ್ತೆ, ಏಳಿ ಮೇಲೆ!" ಎಂದು ಗದರಿಯೇ ಎಬ್ಬಿಸುತ್ತಿದ್ದರು.

ನಡೆಯುವಾಗ ಅವರದು ಒಂದೇ ಕಾನೂನು: ಮಾತಾಡುತ್ತಲೇ ನಡೆಯಬೇಕು. ಪಕ್ಕದವರೊಡನೆ ಸಲೀಸಾಗಿ ಹರಟಲು ಉಸಿರು ಸಾಲುತ್ತಿದ್ದರೆ ಹೆಜ್ಜೆ ಸರಿಯಾಗಿದೆ ಎಂದರ್ಥ. ಮಾತಿಗೇ ಉಸಿರು ಸಾಲದಿದ್ದರೆ ಹೃದಯಕ್ಕೆ ಭಾರ ಹೆಚ್ಚಾಗಿದೆ. ಮಾತು ನಿಂತರೆ ಕಾಲು ನಿಲ್ಲಬೇಕು. ಹೀಗಾಗಿ ಆ ಹಾಲ್‌ನಲ್ಲಿ ಸದಾ ಗದ್ದಲ, ದೂರ ನಿಂತು ಆ ಗದ್ದಲ ಕೇಳಿಸಿಕೊಳ್ಳುವುದೇ ಮೇಡಂ ಮಾಡುತ್ತಿದ್ದ ಪರೀಕ್ಷೆ.

ಆ ಪರೀಕ್ಷೆಯಲ್ಲಿ ಯಾವಾಗಲೂ ಮೊದಲನೆಯವನು ಕತ್ತರಿಯಣ್ಣ. ಅರ್ಧ ಆಯಸ್ಸನ್ನು ಕಟಿಂಗ್ ಶಾಪ್‌ನಲ್ಲಿ ನಿಂತೇ ಕಳೆದವನು. ಕೈಗಿಂತ ಬಾಯಿ ಚುರುಕು. ಬೇರೆಯವರ ಮಾತನ್ನು ನಡುವಿಗೇ ಕತ್ತರಿಸಿ ತನ್ನದನ್ನು ಅಂಟಿಸುವುದು ಅವನ ಹುಟ್ಟುಗುಣ. ಪಕ್ಕದಲ್ಲಿ ನಡೆಯುವ ಟೈಲರಮ್ಮ, "ಈ ಮನುಷ್ಯನ ಎದುರು ನನ್ನದೊಂದು ಮಾತೂ ಪೂರ್ತಿಯಾಗಿಲ್ಲ ಕಣ್ರೀ" ಎಂದು ದಿನಾ ದೂರುತ್ತಿದ್ದಳು. ಅವನು ನಗುತ್ತಿದ್ದ. "ಬಾಯಿದ್ದೋನು ಬರಗಾಲದಲ್ಲೂ ಬದುಕ್ತಾನೆ, ಅಕ್ಕಾ!"

ಆದರೆ ಆ ವಾರ ಅವನ ಬದುಕೇ ತೂಗಾಡುತ್ತಿತ್ತು. ಶಾಪ್ ಅವನ ಹೆಂಡತಿಯ ತಮ್ಮನದು. ಸೋಮವಾರದೊಳಗೆ ಕೆಲಸಕ್ಕೆ ಬಾರದಿದ್ದರೆ ಅವನ ಕುರ್ಚಿಗೆ ಬೇರೆಯವನನ್ನು ಹಾಕುತ್ತೇನೆ ಎಂದು ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದ. ದಿನಪೂರ್ತಿ ನಿಲ್ಲಲು ಅವನಿಗೆ ಆಗುತ್ತದೆಯೇ ಎಂದು ಡಾಕ್ಟರು ಆವತ್ತು ಮೇಡಂ ಅವರನ್ನು ಕೇಳುವವರಿದ್ದರು. ಬೆಳಿಗ್ಗೆ ಬಾಗಿಲಲ್ಲೇ ಕತ್ತರಿಯಣ್ಣ ಕೈಮುಗಿದ. "ಮೇಡಂ, ನಿಮ್ ಬಾಯಿಂದ ಒಂದು ಹೂಂ ಬಂದ್ರೆ ಸಾಕು."

"ನೋಡೋಣ ನಡೀರಿ," ಎಂದರು ಮೇಡಂ. ಮನಸ್ಸಿನಲ್ಲಿ ಹೂಂ ಎಂದಾಗಿತ್ತು. ಅವನಿಗಲ್ಲದೆ ಇನ್ಯಾರಿಗೆ ಹೇಳುವುದು!

ಎಲ್ಲರೂ ನಡೆಯತೊಡಗಿದರು. ಗದ್ದಲ ಜೋರಾಗಿಯೇ ಇತ್ತು. ಮೇಡಂ ಕಿಟಕಿಯ ಬಳಿ ನಿಂತು ಕೇಳಿಸಿಕೊಂಡರು. ಟೈಲರಮ್ಮ ತನ್ನ ಸೊಸೆಯ ಹೆರಿಗೆಯ ಕತೆ ಹೇಳಿದಳು. "ಆಮೇಲೆ?" ಎಂದ ಕತ್ತರಿಯಣ್ಣ. ಹಿಂದಿದ್ದ ರಿಟೈರ್ಡ್ ಹೆಡ್‌ಮಾಸ್ಟರು ಪಕ್ಕದ ಮನೆಯ ನಾಯಿಯ ಕಾಟ ಹೇಳಿದರು. "ಹೌದಾ? ಯಾವಾಗ?" ಎಂದ. ಮತ್ತೆ ಟೈಲರಮ್ಮನ ಕಡೆ ತಿರುಗಿ, "ಮಗು ಹೆಂಗಿದೆ?" ಎಂದ. ಅವಳು ಖುಷಿಯಿಂದ ಮತ್ತೊಂದು ಸುತ್ತು ಕತೆ ಎಳೆದಳು.

ಮೇಡಂಗೆ ಏನೋ ಸರಿಯಿಲ್ಲ ಅನ್ನಿಸಿತು. ಏನೆಂದು ತಿಳಿಯಲಿಲ್ಲ. ಯಾರೂ ಏದುಸಿರು ಬಿಡುತ್ತಿರಲಿಲ್ಲ, ಯಾರ ಮಾತೂ ನಿಂತಿರಲಿಲ್ಲ. ಆಮೇಲೆ ಹೊಳೆಯಿತು. ಆವತ್ತು ಟೈಲರಮ್ಮನ ಮಾತು ಪೂರ್ತಿಯಾಗಿತ್ತು! ಹೆಡ್‌ಮಾಸ್ಟರದೂ ಪೂರ್ತಿಯಾಗಿತ್ತು. ಗಿರಾಕಿಗೆ ಒಂದು ಪ್ರಶ್ನೆ ಎಸೆದು, ಅವನು ಮಾತಾಡುವಷ್ಟು ಹೊತ್ತು ಸುಮ್ಮನೆ ಕೆಲಸ ಮಾಡುವುದು ಕಟಿಂಗ್ ಶಾಪ್‌ನ ಹಳೇ ವಿದ್ಯೆ. ಆ ವಿದ್ಯೆಯನ್ನೇ ಇಲ್ಲಿ ಹೂಡಿ ಈ ಮನುಷ್ಯ ಬೇರೆಯವರ ಮಾತಿನ ಮರೆಯಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದ.

ಮೇಡಂ ಸೀಟಿ ಊದಿದರು. ಎಲ್ಲರೂ ನಿಂತರು.

"ಅಣ್ಣ, ಮದುಮಗನ ಮೀಸೆ ಕತೆ ಹೇಳಿ."

ಮದುವೆ ದಿನವೇ ಮದುಮಗನ ಅರ್ಧ ಮೀಸೆ ಹಾರಿಸಿದ ಕತೆ ಅದು. ಅವನು ನೂರು ಸಲ ಹೇಳಿದ್ದ, ಎಲ್ಲರಿಗೂ ಬಾಯಿಪಾಠ.

"ಈಗ್ಯಾಕೆ, ಮೇಡಂ?"

"ಹೇಳಿ ಅಂದೆ."

"ಆ ದಿನ..." ಉಸಿರು. "ಮದುಮಗ..." ಮತ್ತೆ ಉಸಿರು. "ಕುರ್ಚಿ ಮೇಲೆ..." ಭುಜ ಮೇಲೆದ್ದು ಇಳಿಯಿತು. ನಗಲು ನೋಡಿದ, ನಗುವಿಗೂ ಉಸಿರು ಸಾಲಲಿಲ್ಲ.

ಮೇಡಂ ಅವನನ್ನು ಕೂರಿಸಿ ಪ್ಯಾಂಟಿನ ಅಂಚು ಎತ್ತಿದರು. ಕಾಲು ಊದಿ ಕಾಲುಚೀಲ ಮಾಂಸದೊಳಗೆ ಕಚ್ಚಿಕೊಂಡಿತ್ತು. ಹೆಬ್ಬೆರಳಿಂದ ಒತ್ತಿ ತೆಗೆದರೆ ಗುಳಿ ಹಾಗೇ ಉಳಿಯಿತು.

"ನೀರಿಳಿಸೋ ಮಾತ್ರೆ ತಗೊಳ್ತಿದ್ದೀರಾ?"

ಅವನು ಮುಖ ತಿರುಗಿಸಿದ.

"ನಿಮ್ಮನ್ನೇ ಕೇಳ್ತಿರೋದು!"

"ಬಿಟ್ಟೆ, ಮೇಡಂ. ಅದನ್ನ ನುಂಗಿದ್ರೆ... ಗಳಿಗೆಗೊಂದು ಸಲ... ಬಾತ್‌ರೂಮಿಗೆ ಓಡಬೇಕು. ಅರ್ಧ ಬೋಳಿಸಿದ ಗಲ್ಲ ಬಿಟ್ಟು... ಓಡೋಕಾಗತ್ತಾ? ಅದಿಲ್ದೆ... ಅಭ್ಯಾಸ ಮಾಡ್ಕೊಳೋಣ ಅಂತ..."

ಮೇಡಂಗೆ ಕೋಪ, ಸಂಕಟ ಒಟ್ಟಿಗೇ ಉಕ್ಕಿ ಬಂದವು. ಅವನು ಕೆಲಸಕ್ಕೆ ಹೋಗಲಿ ಎಂದು ಅವನಷ್ಟೇ ಅವರೂ ಆಸೆಪಟ್ಟಿದ್ದರು. "ವೀಲ್‌ಚೇರ್ ತನ್ನಿ!" ಎಂದು ಬಾಗಿಲ ಕಡೆ ಕೂಗಿದರು.

ಅವನು ಅವರ ಮಣಿಕಟ್ಟು ಹಿಡಿದುಕೊಂಡ. ಹಿಡಿತ ಬಿಗಿಯಾಗಿತ್ತು. "ಬೇಡ, ಮೇಡಂ. ಸೋಮವಾರ ಕಳೀಲಿ. ಆಮೇಲೆ... ಮಾತ್ರೆ ತಗೋತೀನಿ. ಆಣೆ."

ಟೈಲರಮ್ಮ ಕೂಡ, "ಪಾಪ, ಹೊಟ್ಟೆಪಾಡು ಮೇಡಂ, ಒಂದೆರಡು ದಿನ ತಾನೇ?" ಎಂದಳು. ಹೆಡ್‌ಮಾಸ್ಟರು ಹೌದೆಂದು ತಲೆಯಾಡಿಸಿದರು. ಇಡೀ ಹಾಲ್ ಒಂದು ಕಡೆ, ಮೇಡಂ ಒಬ್ಬರೇ ಇನ್ನೊಂದು ಕಡೆ.

ಮೇಡಂ ತಮ್ಮ ಕೈ ಬಿಡಿಸಿಕೊಂಡರು. "ಸೋಮವಾರ ನೋಡೋಕೆ ನೀವು ಇರಬೇಕಲ್ಲ!" ಎಂದರು.

ಅವನನ್ನು ವೀಲ್‌ಚೇರ್‌ನಲ್ಲಿ ಕೂರಿಸಿ ತಳ್ಳಿಕೊಂಡು ಹೋದರು. ಕಾರಿಡಾರಿನ ಉದ್ದಕ್ಕೂ ಅವನು ತಿರುಗಿ ನೋಡಲಿಲ್ಲ. "ಹೊಟ್ಟೆ ಮೇಲೆ... ಹೊಡೆದ್ರಿ," ಎಂದದ್ದು ಮಾತ್ರ ಕೇಳಿಸಿತು.

ಶ್ವಾಸಕೋಶದ ತುಂಬ ನೀರು ನಿಂತಿತ್ತು. ಇನ್ನೊಂದೆರಡು ದಿನ ಹೀಗೇ ಬಿಟ್ಟಿದ್ದರೆ ಕೈಮೀರುತ್ತಿತ್ತು ಎಂದರು ಡಾಕ್ಟರು. ಹೆಂಡತಿ ವಾರ್ಡಿನ ಹೊರಗೆ ಸೆರಗು ಬಾಯಿಗೊತ್ತಿಕೊಂಡು ಅತ್ತಳು. "ದಿಂಬಿನ ಮೇಲೆ ದಿಂಬು ಪೇರಿಸ್ಕೊಂಡು ಕೂತೇ ನಿದ್ದೆ ಮಾಡ್ತಿದ್ರು, ಮೇಡಂ. ಕೇಳಿದ್ರೆ ಸೆಖೆ ಅಂದ್ರು." ಸೋಮವಾರ ಬಂತು. ಅವನ ಕುರ್ಚಿ ಬೇರೆಯವನ ಪಾಲಾಯಿತು.

ಎಷ್ಟೋ ದಿನದ ಮೇಲೆ ಕತ್ತರಿಯಣ್ಣ ಹಾಲ್‌ಗೆ ವಾಪಸ್ಸು ಬಂದ. ಇಳಿದುಹೋಗಿದ್ದ, ಪ್ಯಾಂಟು ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಮೊದಲಿಂದ ಶುರು: ಕೂರು, ಏಳು, ನಿಧಾನಕ್ಕೆ ಒಂದು ಸುತ್ತು. ಮೇಡಂ ತಾವೇ ಪಕ್ಕದಲ್ಲಿ ನಡೆದರು. ಅವನು ತುಟಿ ಬಿಗಿದುಕೊಂಡಿದ್ದ. ಅದು ಉಸಿರಿನ ತೊಂದರೆಯೋ, ಸಿಟ್ಟೋ? ಮೇಡಂ ಅಡ್ಡ ನಿಂತುಬಿಟ್ಟರು.

"ಮಾತಾಡಿ."

"ನಿಮ್ ಹತ್ರ ನಂಗೇನು ಮಾತು?"

"ಹಾಗಾದ್ರೆ ಬೈಯಿರಿ."

ಅಷ್ಟು ಸಾಕಾಯಿತು. "ಬೈದೇ ಬೈತೀನಿ! ಸೀಟಿ ಕಟ್ಕೊಂಡ್ ಮಾತ್ರಕ್ಕೆ ದೇವರಾಗ್ಬಿಟ್ರೇನ್ರೀ, ನನ್ ಕುರ್ಚಿ ಕಿತ್ಕೊಂಡ್ರಿ, ಅಲ್ಲಿ ಕತ್ತರಿ ಹಿಡಿಯೋಕೂ ಬಾರದೋನೊಬ್ಬ ನಿಂತು ಜನರ ಕಿವಿ ಕತ್ತರಿಸ್ತಿದಾನೆ, ಮನೇಲಿ ಇವಳು ಮಾತ್ರೆ ನುಂಗೋವರೆಗೂ ಎದುರಿಗೇ ಕಾವಲು ನಿಂತಿರ್ತಾಳೆ, ಸಾಲದ್ದಕ್ಕೆ ಬೆಳಿಗ್ಗೆ ಎದ್ರೆ ನಿಮ್ಮದೇ ಗುಣಗಾನ!"

ಮೇಡಂ ಕಣ್ಣು ತುಂಬಿ ಬಂತು. ಅವರು ಬೈಗುಳ ಕೇಳುತ್ತಿರಲಿಲ್ಲ, ಅದರ ಉದ್ದ ಕೇಳುತ್ತಿದ್ದರು. ನಡುವೆ ಎಲ್ಲಿಯೂ ಅವನು ಉಸಿರಿಗೆ ತಡವರಿಸಿರಲಿಲ್ಲ.

"ಅಯ್ಯೋ ಬಿಡಿ ಅಣ್ಣ, ಮೇಡಂ ಏನೋ ನಿಮ್..." ಎಂದು ಟೈಲರಮ್ಮ ಬಾಯಿ ಹಾಕಿದಳು.

"ನೀವು ಸುಮ್ನಿರಿ ಅಕ್ಕಾ, ನಂದಿನ್ನೂ ಮುಗಿದಿಲ್ಲ!"

"ನಿಂತ್ಕೊಂಡಲ್ಲ, ನಡ್ಕೊಂಡು ಬೈಯಿರಿ," ಎಂದು ಮೇಡಂ ದಾರಿ ಬಿಟ್ಟರು.