ಉಕ್ಕಿನೊಳಗಿನ ಮಣಿಸರ

“ಅಮ್ಮಾ, ದೊಡ್ಡಮ್ಮನ ಬೆರಳಲ್ಲಿ ಗೆರೆನೇ ಇಲ್ಲ. ಯಾರು ಅಳಿಸಿದ್ದು?”

ನಾಲ್ಕು ವರ್ಷದ ಮಗಳ ಪ್ರಶ್ನೆಗೆ ತಾಯಿ ಬಾಯಿ ತೆರೆಯುವ ಮೊದಲೇ ಪಕ್ಕದ ಮನೆಯ ದೊಡ್ಡಮ್ಮ ನಕ್ಕಳು. “ಉಕ್ಕು ಅಳಿಸ್ತು ಕಂದಾ.”

ಕಾರ್ಖಾನೆಯ ಪರೀಕ್ಷಾ ಕೋಣೆಯಲ್ಲಿ ಇಪ್ಪತ್ತಾರು ವರ್ಷ ಆಕೆಯದು ಒಂದೇ ಕೆಲಸ. ಉಕ್ಕಿನ ಪುಟ್ಟ ತುಂಡನ್ನು ಸ್ಯಾಂಡ್‌ಪೇಪರಿನ ಮೇಲೆ ತಿಕ್ಕಿ ತಿಕ್ಕಿ ಕನ್ನಡಿ ಮಾಡುವುದು, ಆಸಿಡ್ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವುದು. ಈಚೆಗೆ ಬಂದದ್ದು ಅಲ್ಯೂಮಿನಿಯಂ ಬೆರೆಸಿದ, ತುಕ್ಕು ಹಿಡಿಯದ ಹಗುರ ಉಕ್ಕು. ಹಗುರವೇನೋ ಸರಿ, ಆದರೆ ಮಹಾ ಸಿಡುಕಿನದು. ಕುಲುಮೆಯಿಂದ ತೆಗೆದ ಕೂಡಲೇ ನೀರಿಗೆ ಹಾಕಿದರೆ ಬಾಗುತ್ತದೆ, ಮುರಿಯುವುದಿಲ್ಲ. ನಿಧಾನವಾಗಿ ಆರಲು ಬಿಟ್ಟರೋ, ಒಳಗಿನ ಹರಳುಗಳ ಸಂದಿಯಲ್ಲಿ ಇಂಗಾಲ, ಅಲ್ಯೂಮಿನಿಯಂ ಬೇರೆಯೇ ಗುಂಪು ಕಟ್ಟಿಕೊಂಡು ಗಟ್ಟಿ ಕಣಗಳಾಗಿ ಸಾಲುಗಟ್ಟುತ್ತವೆ. ಆಮೇಲೆ ಅದು ಉಕ್ಕಲ್ಲ, ಗಾಜು.

ಒಂದು ಗುರುವಾರ ವಿಭಾಗದ ಮೇಲ್ವಿಚಾರಕ ಸಾಹೇಬರು ಫೋನಿನಲ್ಲಿ ಹರಟುತ್ತ ನಿಂತರು. ಅವರು ಹೂಂ ಅನ್ನದೆ ಯಾರೂ ಕುಲುಮೆಯಿಂದ ಬಂದ ಉಕ್ಕಿನ ಪ್ಲೇಟನ್ನು ನೀರಿಗಿಳಿಸುವಂತಿಲ್ಲ. ಅದು ಗಾಳಿಯಲ್ಲೇ ಆರಿತು. ತುಂಡು ನೋಡಿದ ದೊಡ್ಡಮ್ಮ ಓಡಿದಳು. “ಸಾರ್, ಸಂದಿ ಸಂದೀಲೂ ಕಣ! ಮಣಿಸರ ಪೋಣಿಸಿದ ಹಾಗಿದೆ!”

“ನಿನ್ನ ಕಣ್ಣಲ್ಲಿ ಕಸ ಇರ್ಬೇಕು,” ಎಂದ ಸಾಹೇಬರು, ಬೇಗ ಆರಿದ ಅಂಚಿನಿಂದ ತಾವೇ ಇನ್ನೊಂದು ತುಂಡು ಕತ್ತರಿಸಿ ಮೈಕ್ರೋಸ್ಕೋಪಿನ ಚೊಕ್ಕ ಫೋಟೋ ತೆಗೆದು ಮೇಲಿನವರಿಗೆ ಕಳಿಸಿದರು. ಆ ಪ್ಲೇಟಿನಿಂದ ಮಾಡಿದ ಕೊಕ್ಕೆ ಎರಡು ತಿಂಗಳಲ್ಲಿ ಪಟ್ಟೆಂದಿತು. ಕ್ರೇನಿನ ಕೆಳಗಿದ್ದವನ ಎರಡೂ ಕಾಲು ಹೋದವು.

ವಿಚಾರಣೆಯಲ್ಲಿ ಆಕೆ ಕಂಡದ್ದನ್ನು ಕಂಡಂತೆ ಹೇಳಿದಳು. ಸಾಹೇಬರು ಹಾಜರಿ ಪಟ್ಟಿ ಬಿಡಿಸಿದರು. ಆಕೆಯ ಸವೆದ ಹೆಬ್ಬೆರಳನ್ನು ಗೇಟಿನ ಹಾಜರಿ ಯಂತ್ರ ಗುರುತಿಸುತ್ತಿರಲಿಲ್ಲ. ತಿಂಗಳ ಕೊನೆಗೆ ಅವರೇ ಸಹಿ ಮಾಡಿ ಹಾಜರಿ ತುಂಬುತ್ತಿದ್ದರು. ಆ ಗುರುವಾರಕ್ಕೆ ಮಾತ್ರ ಸಹಿಯಿಲ್ಲ.

“ಅವತ್ತು ಈಯಮ್ಮ ಬಂದೇ ಇಲ್ಲ. ಕನಸಲ್ಲಿ ನೋಡಿದ್ಳೋ ಏನೋ!”

ಕೋಣೆಗೆ ಕೋಣೆಯೇ ನಕ್ಕಿತು. ಸೋಮವಾರದೊಳಗೆ ಪುರಾವೆ ತರದಿದ್ದರೆ, ಸುಳ್ಳು ಸಾಕ್ಷಿ ಹೇಳಿದ ತಪ್ಪಿಗೆ ಆಕೆ ವಜಾ.

“ನೀನು ದಿನಾ ಡೈರಿ ಬರೀತೀಯಲ್ಲ ತಾಯಿ,” ಎಂದಳು ದೊಡ್ಡಮ್ಮ, ಮಗುವಿನ ಅಮ್ಮನಿಗೆ. “ಆ ಗುರುವಾರ ಕೆಲಸ ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದೆ. ಪುಟ್ಟಿಗೆ ಮಣಿಸರದ ಕತೆ ಹೇಳ್ದೆ. ಬರ್ದಿದ್ದೀಯಾ?”

ಬರೆದಿದ್ದಳು. ತಾರೀಖು, ಮಣಿಸರ, ಕಣ್ಣಿನ ಕಸದ ಮಾತು, ಎಲ್ಲವನ್ನೂ. ಅದರ ಕೆಳಗೇ ಇನ್ನೆರಡು ಸಾಲು: ‘ಈ ಮುದುಕಿಯ ಗೋಳು ಕೇಳಿ ಕೇಳಿ ತಲೆ ಚಿಟ್ಟು ಹಿಡಿಯಿತು. ಆಸಿಡ್ ನಾತದ ಕೈಯಲ್ಲಿ ಮಗುವನ್ನು ಮುಟ್ಟುತ್ತಾಳೆ. ಹೋದ ಮೇಲೆ ಸೋಪು ಹಾಕಿ ಕೆನ್ನೆ ತೊಳೆದೆ.’

“ಹೂಂ... ಬರ್ದಿದ್ದೀನಿ ದೊಡ್ಡಮ್ಮ.”

ಗೆರೆಯಿಲ್ಲದ ಬೆರಳುಗಳು ಮಗುವಿನ ಕೆನ್ನೆ ಸವರುತ್ತಿದ್ದವು.

“ಹಾಗಾದ್ರೆ ಸೋಮವಾರ ಬಂದು ಓದ್ತೀಯಾ? ಅರ್ಧ ಓದಿದ್ರೆ ಮಿಕ್ಕಿದ್ದೆಲ್ಲಿ ಅಂತಾರೆ. ನನ್ನ ಪಕ್ಕದಲ್ಲೇ ನಿಂತ್ಕೊಂಡು, ಪುಟ ಪೂರ್ತಿ ಓದಮ್ಮ.”