ಪಕ್ಕದ ಮನೆಯ ಅಕ್ಕ ವ್ಯಾನ್ ನೋಡಲು ಹೋದದ್ದು

ಮಲ್ಕಾಜ್‌ಗಿರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬೀದರಿನ ಅಕ್ಕನಿಗೆ ಎಲ್ಲದಕ್ಕೂ ಒಂದೇ ಪ್ರಶ್ನೆ: “ಏನರೆ ಆದ್ರ?” ಕೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಬಿಗಿಯಾಗಿ ಸುತ್ತುತ್ತಿದ್ದರು. ರೈಲ್ವೆಯಿಂದ ನಿವೃತ್ತರಾಗಿದ್ದ ಅವರ ಯಜಮಾನರಿಗೆ ಹಳೆಯ ವ್ಯಾನೊಂದನ್ನು ಕೊಂಡು, ಒಳಗೆ ಹಾಸಿಗೆ, ಒಲೆ ಹೊಂದಿಸಿಕೊಂಡು, ಇಬ್ಬರೇ ಊರೂರು ತಿರುಗುವ ಆಸೆ.

ನಗರದ ಇನ್ನೊಂದು ತುದಿಯ ಮಣಿಕೊಂಡದಲ್ಲಿ ಸಾಫ್ಟ್‌ವೇರ್ ನೌಕರರನ್ನು ಆಫೀಸಿಗೆ ಒಯ್ದು ಒಯ್ದು ಸವೆದ ವ್ಯಾನೊಂದು ಮಾರಾಟಕ್ಕಿತ್ತು. ನೋಡಲು ನನ್ನನ್ನೂ ಕರೆದೊಯ್ದರು. “ಅಡವ್ಯಾಗ ನಿಂತು ಏನರೆ ಆದ್ರ?” ಎಂದು ಅಕ್ಕ ದಾರಿಯುದ್ದಕ್ಕೂ ಕೇಳಿದರು.

ಯಜಮಾನರು ಓಡಿಸಿ ನೋಡುವಾಗ, ಹೊಸ ಕಟ್ಟಡಗಳ ನಡುವಿನ ಇಳಿಜಾರಿನಲ್ಲಿ ಬ್ರೇಕ್ ಹಿಡಿಯಲೇ ಇಲ್ಲ. ಕೆಳಗೆ ಕೂಲಿ ಹೆಂಗಸರು ಜಲ್ಲಿ ಹೊತ್ತು ರಸ್ತೆ ದಾಟುತ್ತಿದ್ದರು. ಯಜಮಾನರು ಸ್ಟೀರಿಂಗ್ ಹಿಡಿದು ಕಲ್ಲಾದರು. ಹಿಂದೆ ಕೂತಿದ್ದ ನಾನು ಮುಂದಿನ ಸೀಟನ್ನು ಅವಚಿಕೊಂಡೆ. ಯಜಮಾನರ ಪಕ್ಕದಲ್ಲಿದ್ದ ಅಕ್ಕ ಎರಡೂ ಕೈಯಿಂದ ಹ್ಯಾಂಡ್‌ಬ್ರೇಕ್ ಜಗ್ಗಿದರು. ವ್ಯಾನ್ ಕಿರುಚಿ, ಅಡ್ಡ ತಿರುಗಿ, ಹೆಂಗಸರಿಂದ ಒಂದು ಮಾರು ದೂರದಲ್ಲಿ ನಿಂತಿತು.

“ಬ್ಯಾಡ ಬಿಡು, ಮನಿಗೆ ಹೋಗೂಣು,” ಎಂದರು ಯಜಮಾನರು.

ಅಕ್ಕ ಬಹಳ ಹೊತ್ತು ಹ್ಯಾಂಡ್‌ಬ್ರೇಕಿನಿಂದ ಕೈ ತೆಗೆಯಲಿಲ್ಲ. ಆಮೇಲೆ ಮೆಲ್ಲಗೆ ಅಂದರು: “ಯಾಕ್ರಿ? ಆಗೂದು ಆಗೇ ಹೋತಲ್ಲ. ಬ್ರೇಕ್ ರಿಪೇರಿ ಮಾಡಿಸಿ ತಗೊಳ್ರಿ.”