ಹೊಸ ಲ್ಯಾಪ್‌ಟಾಪ್ ಬರುವವರೆಗೆ

ನನ್ನ ಬಲಗಣ್ಣು ಹುಟ್ಟಿದಾಗಿನಿಂದಲೂ ಹೆಸರಿಗಷ್ಟೇ. ಬೆಳಕು ನೆರಳು ತಿಳಿಯುತ್ತದೆ, ಅಕ್ಷರ ಕೂಡುವುದಿಲ್ಲ. ನಾನು ಓದಿದ್ದು, ಕೆಲಸ ಹಿಡಿದದ್ದು, ಹೆಣ್ಣು ನೋಡಿ ಒಪ್ಪಿದ್ದು ಎಲ್ಲವೂ ಎಡಗಣ್ಣಿನಲ್ಲೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದನ್ನು ಕೇಳಿದವರು ‘ಇಷ್ಟೂ ಗೊತ್ತಾಗಲಿಲ್ಲವೇ ಈ ಮನುಷ್ಯನಿಗೆ’ ಎಂದು ಕೇಳುವುದು ಖಂಡಿತ. ಗೊತ್ತಾಗಲಿಲ್ಲ.

ಅರಸೀಕೆರೆಯ ಒಂದು ಕಾಲೇಜಿನ ಆಫೀಸಿನಲ್ಲಿ ನಾನು ಸೂಪರಿಂಟೆಂಡೆಂಟ್ ಆಗಿದ್ದೆ. ಮಕ್ಕಳ ದಾಖಲಾತಿ, ಅಂಕಪಟ್ಟಿ, ವರ್ಗಾವಣೆ ಪತ್ರ, ಎಲ್ಲ ನನ್ನ ಲ್ಯಾಪ್‌ಟಾಪಿನ ಕೋಷ್ಟಕದ ಮೂಲಕವೇ ಹೋಗಬೇಕು. ಹುಟ್ಟಿದ ದಿನಾಂಕದಲ್ಲಿ ಒಂದು ಅಂಕಿ ತಪ್ಪಿದರೆ ಆ ಹುಡುಗಿ ಮುಂದೆ ಹತ್ತು ಆಫೀಸು ಅಲೆಯಬೇಕಾಗುತ್ತದೆ. ನನ್ನ ಕೈಯಲ್ಲಿ ಅಂಥದ್ದೊಂದು ಆಗಿರಲಿಲ್ಲ, ಆ ವಿಷಯದಲ್ಲಿ ನನಗೆ ಜಂಬ ಬಹಳ. ಆ ಕೆಲಸ ಬಿಟ್ಟರೆ ನನಗೆ ಬೇರೆ ಏನೂ ಬರುವುದೂ ಇಲ್ಲ.

ನಮ್ಮ ಸಂಸ್ಥೆಯ ಕಾಲೇಜುಗಳು ಬೇಲೂರಿನಲ್ಲೂ ಹಳೇಬೀಡಿನಲ್ಲೂ ಇದ್ದವು. ಮೂರೂ ಕಡೆಯ ಆಫೀಸಿಗೆ ಒಂದೇ ಸಲ ಲ್ಯಾಪ್‌ಟಾಪ್ ಕೊಟ್ಟಿದ್ದರು, ಮೂರೂ ಕಡೆಯವು ಒಂದೇ ಸಲ ಮುದಿಯಾದವು. ಈ ಸಲ ಎಲ್ಲವನ್ನೂ ವಾಪಸು ತೆಗೆದುಕೊಂಡು ಹೊಸದು ಕೊಡುತ್ತಾರಂತೆ ಎಂಬ ಸುದ್ದಿ ಹುಟ್ಟಿದ್ದು ದಸರಾ ಹೊತ್ತಿಗೆ.

ಆಯುಧಪೂಜೆಯ ದಿನ ಆಫೀಸು ತೊಳೆದು, ಪ್ರಿಂಟರು, ಜೆರಾಕ್ಸು, ಬೀರು ಎಲ್ಲಕ್ಕೂ ಚೆಂಡುಹೂವಿನ ಹಾರ ಹಾಕಿದೆವು. ಲ್ಯಾಪ್‌ಟಾಪನ್ನು ಮುಚ್ಚಿಟ್ಟು ಮುಚ್ಚಳಕ್ಕೆ ವಿಭೂತಿ ಹಚ್ಚುವುದು ನಮ್ಮ ರೂಢಿ. ಆ ವರ್ಷ ಪಕ್ಕದ ಮೇಜಿನ ಗುಮಾಸ್ತರಿಗೆ ಫೋಟೋ ತೆಗೆದು ಗ್ರೂಪಿಗೆ ಹಾಕುವ ಹುಮ್ಮಸ್ಸು. ಲ್ಯಾಪ್‌ಟಾಪುಗಳನ್ನೆಲ್ಲ ತೆರೆಸಿ, ಪರದೆಯ ಮೇಲೆ ದೇವಿಯ ಚಿತ್ರ ಬರುವ ಹಾಗೆ ಮಾಡಿದರು. ನಮ್ಮ ಅಟೆಂಡರಮ್ಮ ತಟ್ಟೆ ಹಿಡಿದು ಬಂದಳು. ಗಂಡ ತೀರಿಕೊಂಡ ಮೇಲೆ ಕೆಲಸಕ್ಕೆ ಸೇರಿದವಳು, ನನಗಿಂತ ಎರಡು ಮೂರು ವರ್ಷ ಚಿಕ್ಕವಳಿರಬೇಕು. ದೇವಿ ಎದುರಿಗೇ ಇದ್ದಾಳೆ ಎಂದುಕೊಂಡಳೋ ಏನೋ, ನನ್ನ ಪರದೆಯ ಮೇಲೇ ಒದ್ದೆ ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ಕುಂಕುಮವಿಟ್ಟಳು. ಮರುದಿನ ವಿಜಯದಶಮಿ, ಆಮೇಲೆ ಭಾನುವಾರ. ಅದು ಹಾಗೇ ಒಣಗಿತು.

ಸೋಮವಾರ ಬಂದು ಒರೆಸಿದೆ. ಪಟ್ಟೆ ಹೋಯಿತು, ಆದರೆ ಕುಂಕುಮ ಇದ್ದ ಜಾಗದಲ್ಲಿ ಬೂದು ಬಣ್ಣದ ಮಚ್ಚೆಯೊಂದು ಉಳಿಯಿತು. ನೋಡುವ ಕಡೆಯೆಲ್ಲ ಅದೂ ಹೊರಳುತ್ತಿತ್ತು. ಒಳಗೆ ನೀರು ಇಳಿದಿದೆ, ಅದಕ್ಕೇ ಓಡಾಡುತ್ತಿದೆ ಎಂದು ತೀರ್ಮಾನಿಸಿ, ಅಟೆಂಡರಮ್ಮನನ್ನು ಎಲ್ಲರ ಎದುರಿಗೆ ಕರೆದು ಬೈದೆ.

“ಬುದ್ಧಿ ಇಲ್ವೇನಮ್ಮ ನಿನಗೆ? ಇದೇನು ನಿಮ್ಮನೆ ಗೋಡೆಗೆ ಹಾಕಿರೋ ಕ್ಯಾಲೆಂಡರಾ?”

ಅವಳು ಬಗ್ಗಿ ಪರದೆಯನ್ನೇ ನೋಡಿದಳು. “ನನ್ ಕಣ್ಣಿಗೆ ಏನೂ ಕಾಣ್ತಿಲ್ವಲ್ಲ ಸಾರ್,” ಎಂದಳು ಮೆಲ್ಲಗೆ.

“ನಿನಗೇನ್ ಗೊತ್ತು ಇದು? ಹೋಗು.”

ಹೋದಳು. ಆ ಆಫೀಸಿನಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಗುಮಾಸ್ತರು ನೋಡಿ, “ಹೌದು ಕಣ್ರೀ, ಎಷ್ಟು ದೊಡ್ಡ ಮಚ್ಚೆ! ಇದನ್ನೇ ಬರೆದು ಕಳಿಸೋಣ, ಬೇಗ ಹೊಸದು ಕೊಡ್ತಾರೆ,” ಎಂದರು. ಹೊಸ ಲ್ಯಾಪ್‌ಟಾಪ್ ಬೇಕೆಂದು ಸಂಸ್ಥೆಗೆ ಬರೆದ ಪತ್ರದಲ್ಲಿ ನನ್ನ ಮಚ್ಚೆಯೇ ಮೊದಲ ಕಾರಣವಾಯಿತು. ಆಫೀಸಿನವರೆಲ್ಲ ಓದಿ ಸಹಿ ಹಾಕಿದರು. ಇಲ್ಲದ ಮಚ್ಚೆಯನ್ನು ಇದೆ ಎಂದು ಅಷ್ಟು ಜನ ಒಪ್ಪಿಕೊಂಡ ಮೇಲೆ ನನಗೆ ಅನುಮಾನ ಬರಲು ಜಾಗವೆಲ್ಲಿತ್ತು?

ಆಮೇಲೆ ಶುರುವಾಯಿತು ಕಾಯುವ ಕೆಲಸ. ಬೇಲೂರಿನಿಂದ ಕಾಗದಪತ್ರ ತರುವವನು ಬಸ್ಸಿಳಿದರೆ ಸಾಕು, ಎಲ್ಲರೂ ಸುತ್ತುಗಟ್ಟುತ್ತಿದ್ದರು. ಬೇಲೂರಿಗೆ ಬಂತಂತೆ. ಇಲ್ಲವಂತೆ, ಹಳೇಬೀಡಿಗೆ ಮೊದಲಂತೆ. ಬೆರಳಿಟ್ಟರೆ ತೆರೆಯುತ್ತದಂತೆ. ಚೀಲವೂ ಕೊಡುತ್ತಾರಂತೆ. ಸಂಕ್ರಾಂತಿಗೆ ಎಂದರು, ಶಿವರಾತ್ರಿಗೆ ಎಂದರು, ಯುಗಾದಿ ಆದಮೇಲೆ ಖಂಡಿತ ಎಂದರು. ಬಣ್ಣ ಕಪ್ಪೋ ಬೆಳ್ಳಿಯೋ ಎಂದು ಗುಮಾಸ್ತರೂ ಗ್ರಂಥಪಾಲಕರೂ ಎರಡು ದಿನ ಮಾತು ಬಿಟ್ಟಿದ್ದುಂಟು. ನನಗೆ ಬಣ್ಣ ಬೇಕಿರಲಿಲ್ಲ, ಚೀಲವೂ ಬೇಕಿರಲಿಲ್ಲ. ನಡುವಿನ ಆ ಜಾಗ ಕಾಣಬೇಕಿತ್ತು, ಅಷ್ಟೇ.

ಅಟೆಂಡರಮ್ಮ ದಿನಾ ಬೆಳಿಗ್ಗೆ ನಾನು ಬರುವ ಮೊದಲೇ ಪರದೆ ಒರೆಸಿಡುತ್ತಿದ್ದಳು. ಮೊದಲು ಕನ್ನಡಕ ಒರೆಸುವ ಬಟ್ಟೆಯಲ್ಲಿ, ಆಮೇಲೆ ಮಗಳ ಹಳೆಯ ರೇಷ್ಮೆ ಲಂಗದ ತುಂಡಿನಲ್ಲಿ. ಒಂದು ದಿನ ಯಾರದೋ ಮಾತು ಕೇಳಿ ಕೊಬ್ಬರಿ ಎಣ್ಣೆ ಸವರಿಬಿಟ್ಟಿದ್ದಳು. ನಾನು ಮತ್ತೆ ಕೂಗಾಡಿದೆ. ಮಚ್ಚೆ ತಿಂಗಳಿಂದ ತಿಂಗಳಿಗೆ ದೊಡ್ಡದಾಗುತ್ತಿತ್ತು, ಅದಕ್ಕೂ ಅವಳ ಎಣ್ಣೆಯೇ ಕಾರಣ ಎಂದುಕೊಂಡೆ. ಕೋಷ್ಟಕದ ಗೆರೆಗಳು ನಡುವೆ ಬಾಗತೊಡಗಿದವು. ಬಿಸಿಗೆ ಪರದೆ ಉಬ್ಬಿದೆ ಎಂದುಕೊಂಡೆ. ಪೇಪರಿನ ಅಕ್ಷರ ಮಸುಕಾಗಿತ್ತು, ಈಗಿನ ಮುದ್ರಣವೇ ಹಾಗೆ ಎಂದುಕೊಂಡೆ. ಬಸ್ಸಿನ ಬೋರ್ಡು ಓದಲಾಗದೆ ಹಾಸನದ ಬಸ್ಸಿನ ಬದಲು ತಿಪಟೂರಿನ ಬಸ್ಸು ಹತ್ತಿದೆ, ಬೋರ್ಡು ಬರೆದವನಿಗೆ ಶಾಪ ಹಾಕಿದೆ. ಲೋಕದ ವಸ್ತುವೆಲ್ಲ ಒಂದೊಂದಾಗಿ ಕೆಡುತ್ತಿದೆ, ನಾನೊಬ್ಬ ಸರಿಯಾಗಿದ್ದೇನೆ ಎಂದು ನಂಬುವುದು ಎಷ್ಟು ಸುಲಭ ಎಂದರೆ, ಅದಕ್ಕೆ ಪ್ರಯತ್ನವೇ ಬೇಕಾಗಿಲ್ಲ.

ಬೇಸಿಗೆಯಲ್ಲಿ ಮಾದಿಹಳ್ಳಿಯ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೋಗಿದ್ದೆವು. ಊಟ ಮುಗಿಸಿ ಹೆಂಡತಿ ಹಳೇಬೀಡಿನ ದೇವಸ್ಥಾನ ನೋಡಿಕೊಂಡು ಹೋಗೋಣ ಎಂದಳು. ಗೋಡೆಯ ಬುಡದಲ್ಲಿ ಸಾಲಾಗಿ ನಡೆಯುವ ಆನೆಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಅವತ್ತು ಸಾಲು ನಡುವೆ ಜಗ್ಗಿ ಕೆಳಗಿಳಿದಿತ್ತು. ನಾಲ್ಕೈದು ಆನೆಗಳಿಗೆ ತಲೆಯೇ ಇರಲಿಲ್ಲ. ನಾನು ಅಲ್ಲಿದ್ದ ಕಾವಲಿನವರನ್ನು ಕರೆದು ಗೋಡೆ ಕುಸಿಯುತ್ತಿದೆ, ಮೇಲಿನವರಿಗೆ ತಿಳಿಸಿ ಎಂದು ಗದರಿದೆ.

ಅವರು ನನ್ನನ್ನೂ ಗೋಡೆಯನ್ನೂ ನೋಡಿದರು. “ನಮ್ಮಜ್ಜನ ಕಾಲದಿಂದ್ಲೂ ನೆಟ್ಟಗೇ ಐತೆ ಸ್ವಾಮಿ,” ಎಂದರು.

ಹೆಂಡತಿ ಬಸ್ಸಿನಲ್ಲಿ ಕೇಳಿದಳು, “ಒಂದ್ಸಲ ಕಣ್ಣು ತೋರಿಸ್ಬಾರ್ದಾ ರೀ?”

“ಹೊಸ ಲ್ಯಾಪ್‌ಟಾಪ್ ಬರಲಿ. ಆ ಹಾಳು ಪರದೆ ನೋಡಿ ನೋಡಿ ಕಣ್ಣು ದಣಿದಿದೆ, ಅಷ್ಟೇ,” ಎಂದೆ. ನಿಜವಾದ ಕಾರಣ ಬೇರೆ ಇತ್ತು. ಅದನ್ನು ಅವಳಿಗೆ ಹೇಳಲಿಲ್ಲ. ಇರುವುದು ಒಂದೇ ಕಣ್ಣು, ಅದನ್ನು ಪರೀಕ್ಷೆಗೆ ಕೊಡಲು ಭಯವಾಗಿತ್ತು. ಲ್ಯಾಪ್‌ಟಾಪ್ ಬರುವವರೆಗೆ ತಪ್ಪು ಪರದೆಯದು ಎಂದುಕೊಳ್ಳಬಹುದಿತ್ತು.

ಮೇ ತಿಂಗಳಲ್ಲಿ ಪ್ರಿನ್ಸಿಪಾಲರು ಒಂದು ವರ್ಗಾವಣೆ ಪತ್ರ ಹಿಂದಿರುಗಿಸಿದರು. ಎಂಟು ಇರಬೇಕಾದಲ್ಲಿ ಮೂರು ಎಂದು ಹಾಕಿದ್ದೆ. ಬೈಯಲಿಲ್ಲ, “ನೀವಾ?” ಎಂದರು. ಬೈದಿದ್ದರೇ ಚೆನ್ನಾಗಿತ್ತು. ಅಂದಿನಿಂದ ಗುಮಾಸ್ತರು ನನ್ನ ಪತ್ರಗಳನ್ನು ಇನ್ನೊಮ್ಮೆ ನೋಡಿ ಕಳಿಸುವುದೆಂದಾಯಿತು.

ಮರುವಾರ ಅಟೆಂಡರಮ್ಮ ನನ್ನ ಮೇಜಿನ ಮೇಲೆ ತುಳಸಿ, ಕಲ್ಲುಸಕ್ಕರೆಯ ಪೊಟ್ಟಣವಿಟ್ಟಳು. ಶನಿವಾರ ಮಾಲೇಕಲ್ಲಿನ ಬೆಟ್ಟದ ದೇವಸ್ಥಾನಕ್ಕೆ ಮೆಟ್ಟಿಲೆಲ್ಲ ಹತ್ತಿ ಬಂದಿದ್ದಳಂತೆ.

“ಏನಮ್ಮ ಹರಕೆ?”

“ನಿಮ್ಗೆ ಬೇಗ ಹೊಸ ಲ್ಯಾಪ್‌ಟಾಪ್ ಬರ್ಲಿ ಅಂತ ಸಾರ್. ನನ್ನಿಂದ ಹಾಳಾಯ್ತಲ್ಲ. ಬಂದ್ ಮ್ಯಾಕೆ ಇನ್ನೊಂದ್ ಸಲ ಹತ್ತಿ ಬತ್ತೀನಿ.”

ಮಂಡಿನೋವಿನವಳು ಅವಳು. ನಾನು ಕಲ್ಲುಸಕ್ಕರೆ ಬಾಯಿಗೆ ಹಾಕಿಕೊಂಡು, ಸರಿ ಎಂದೆ. ಒಂದು ಒಳ್ಳೆಯ ಮಾತು ಆಡಬಹುದಿತ್ತು.

ಲ್ಯಾಪ್‌ಟಾಪ್ ಬಂದದ್ದು ಶ್ರಾವಣದಲ್ಲಿ. ಬಣ್ಣ ಕಪ್ಪೂ ಅಲ್ಲ, ಬೆಳ್ಳಿಯೂ ಅಲ್ಲ, ಬೂದು. ಚೀಲವೂ ಇತ್ತು. ಗುಮಾಸ್ತರು ತಮ್ಮದನ್ನು ತೆರೆದು, “ಅಬ್ಬ, ಏನ್ ಬೆಳಕ್ರೀ!” ಎಂದು ಕೂಗಿದರು. ನಾನು ನನ್ನದನ್ನು ನಿಧಾನಕ್ಕೆ ತೆರೆದೆ. ಅಂಚುಗಳೆಲ್ಲ ಫಳಫಳ ಹೊಳೆಯುತ್ತಿದ್ದವು. ನಡುವೆ ಮಚ್ಚೆ ಇತ್ತು.

ಮುಚ್ಚಿದೆ. ಮತ್ತೆ ತೆರೆದೆ. ಗುಮಾಸ್ತರ ಪರದೆಯನ್ನು ಇಣುಕಿ ನೋಡಿದೆ. ಅಲ್ಲೂ ಇತ್ತು. ಗೋಡೆಯ ಮೇಲಿನ ಗಡಿಯಾರ ನೋಡಿದೆ, ಮುಳ್ಳುಗಳಿರಲಿಲ್ಲ. ಹತ್ತು ತಿಂಗಳಿಂದ ಎಲ್ಲದರ ಮೇಲೂ ಇದ್ದದ್ದು ಅವತ್ತು ಒಮ್ಮೆಗೇ ಗೊತ್ತಾಯಿತು. ಕುರ್ಚಿ ಎಳೆದು ಕುಳಿತುಕೊಂಡೆ.

ಅಟೆಂಡರಮ್ಮ ಕುಂಕುಮದ ಬಟ್ಟಲು ಹಿಡಿದು ದೂರದಲ್ಲೇ ನಿಂತಿದ್ದಳು. “ಮುಚ್ಚಳಕ್ಕೆ ಮಾತ್ರ ಇಡ್ತೀನಿ ಸಾರ್. ಈಗ ಚೆನ್ನಾಗಿ ಕಾಣ್ತದಾ?”

“ಕಾಣ್ತದೆ,” ಎಂದೆ. ಎಲ್ಲರೂ ಇದ್ದರು.

ಅವಳು ಮುಚ್ಚಳಕ್ಕೆ ಕುಂಕುಮವಿಟ್ಟು ಹೇಳಿದಳು: “ಹಂಗಾರೆ ಹಳೇದ್ನ ನಾನೇ ಹಾಳ್ ಮಾಡಿದ್ದು. ಒಂದೊಂದ್ ಸಲ ಅನ್ಸೋದು ಸಾರ್, ಅದ್ರಲ್ಲಿ ಮಚ್ಚೆನೇ ಇಲ್ವೇನೋ ಅಂತ.”

ನಾನು ಹೊಸ ಚೀಲದ ಜಿಪ್ಪು ಎಳೆಯುತ್ತ ಕುಳಿತೆ.

ಹಾಸನದಲ್ಲಿ ಕಣ್ಣಿನ ಡಾಕ್ಟರು ಚೌಕಳಿ ಗೆರೆಯ ಹಾಳೆ ತೋರಿಸಿ ನಡುವಿನ ಚುಕ್ಕಿ ಕಾಣುತ್ತದೆಯೇ ಎಂದು ಕೇಳಿದರು. ಕಣ್ಣಿನ ಹಿಂಭಾಗದಲ್ಲಿ ನೀರು, ರಕ್ತ ಜಿನುಗಿ ಈಗ ಗಾಯ ಕಟ್ಟಿದೆಯಂತೆ. ಕನ್ನಡಕ, ಆಪರೇಷನ್ ಯಾವುದೂ ಉಪಯೋಗವಿಲ್ಲ. “ಶುರುವಾದಾಗಲೇ ಬಂದಿದ್ದರೆ ಇಂಜೆಕ್ಷನ್ ಕೊಟ್ಟು ಅಲ್ಲಿಗೇ ತಡೆಯಬಹುದಿತ್ತು. ಇಷ್ಟು ದಿನ ಯಾಕೆ ಬಿಟ್ಟಿರಿ?” ಎಂದರು. ಹೆಂಡತಿ ನನ್ನ ಕಡೆ ತಿರುಗಿದ್ದು ಗೊತ್ತಾಯಿತು. ಹೊಸ ಲ್ಯಾಪ್‌ಟಾಪಿಗೆ ಕಾಯುತ್ತಿದ್ದೆ ಎಂದು ಯಾವ ಬಾಯಲ್ಲಿ ಹೇಳಲಿ?

ಇನ್ನೂ ಸೇವೆ ಬಾಕಿ ಇರುವಾಗಲೇ ರಾಜೀನಾಮೆ ಬರೆದುಕೊಟ್ಟು ಕೆಲಸ ಬಿಟ್ಟೆ. ಕೊನೆಯ ದಿನ, ಹೆಚ್ಚುಕಡಿಮೆ ಮುಟ್ಟದೇ ಇದ್ದ ಆ ಲ್ಯಾಪ್‌ಟಾಪನ್ನು ಗುಮಾಸ್ತರಿಗೆ ಒಪ್ಪಿಸಿದೆ. ಅಟೆಂಡರಮ್ಮ ನನ್ನ ಕೈಚೀಲ ಹಿಡಿದು ಗೇಟಿನ ತನಕ ಬಂದಳು. ಎರಡನೆಯ ಸಲವೂ ಮಾಲೇಕಲ್ಲು ಹತ್ತಿ ಹರಕೆ ತೀರಿಸಿದ್ದಳೆಂದು ಆಗಲೇ ಕೇಳಿದ್ದೆ. ಗೇಟಿನ ಹತ್ತಿರ ನಿಂತು ಹೇಳಿದೆ:

“ಹಳೇದ್ರಲ್ಲಿ ಏನೂ ಇರಲಿಲ್ಲಮ್ಮ. ಹೋಗಿದ್ದು ನನ್ನ ಕಣ್ಣು. ನೀನು ಹೇಳಿದ್ದೇ ಸರಿ. ಅನ್ಯಾಯವಾಗಿ ಬೈದೆ ನಿನ್ನ.”

ರೈಲೊಂದು ಸ್ಟೇಷನ್ನಿನ ಕಡೆ ಕೂಗಿಕೊಂಡು ಹೋಯಿತು. ಕ್ಷಮಿಸಿದಳೋ, ಸಿಟ್ಟಾದಳೋ, ಅಳುತ್ತಿದ್ದಳೋ ತಿಳಿಯಲೆಂದು ನಾನು ಅವಳ ಮುಖವನ್ನೇ ನೋಡಿದೆ. ಸೆರಗು ಕಂಡಿತು, ನನ್ನ ಚೀಲ ಹಿಡಿದ ಕೈ ಕಂಡಿತು. ಮುಖ ಇರಬೇಕಾದ ಜಾಗದಲ್ಲಿ ಮಚ್ಚೆ ಇತ್ತು.